ಮರದಿಂದ ಯಾರೂ ಬೀಳದ ಊರು

ಇನ್ನೊಬ್ಬರ ಆಯಸ್ಸಿನ ಲೆಕ್ಕ ಹಾಕಲು ಹೊರಟವರ ಮರ್ಯಾದೆ ಉಳಿಯುವುದಿಲ್ಲ ಎಂದು ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಹೋದ ಬೇಸಿಗೆಯ ಆರು ವಾರ ನನಗೆ ದಿನಕ್ಕೊಂದು ಫಜೀತಿ ಆಗುತ್ತಲೇ ಇತ್ತು.

ನಾನು ಓದುತ್ತಿರುವುದು ಆಕ್ಚುರಿಯಲ್ ಸೈನ್ಸ್. ಯಾರಿಗೆ ಎಷ್ಟು ಅಪಾಯ, ಯಾರು ಎಷ್ಟು ವರ್ಷ ಬದುಕಬಹುದು ಎಂದು ಲೆಕ್ಕ ಹಾಕಿ ವಿಮೆಯ ಕಂತು ಗೊತ್ತುಮಾಡುವ ವಿದ್ಯೆ. ಇಂಟರ್ನ್‌ಶಿಪ್‌ಗೆಂದು ಬೆಂಗಳೂರಿನ ವಿಮಾ ಕಚೇರಿಗೆ ಹೋದರೆ, ಅಡಿಕೆ ಮರ ಹತ್ತುವವರಿಗೆ ಅವರೊಂದು ಪಾಲಿಸಿ ತರುವುದರಲ್ಲಿದ್ದರು. "ನೀನು ಕೊಪ್ಪದವಳಲ್ವಾ?" ಎಂದು ನನ್ನನ್ನು ಊರಿಗೇ ವಾಪಸ್ ಅಟ್ಟಿದರು. ಮರ ಹತ್ತುವ ನೂರು ಜನರ ಫಾರಂ ತುಂಬಿಸಬೇಕು. ಮುಖ್ಯವಾದ ಪ್ರಶ್ನೆ ಒಂದೇ: ಎಷ್ಟು ಸಲ ಬಿದ್ದಿದ್ದೀರಿ? ಆ ಲೆಕ್ಕ ಸರಿಯಾಗಿ ಬರದಿದ್ದರೆ ಸರ್ಟಿಫಿಕೇಟ್ ಇಲ್ಲ, ಸರ್ಟಿಫಿಕೇಟ್ ಇಲ್ಲದಿದ್ದರೆ ನಾನು ಪಾಸಿಲ್ಲ.

ಪಕ್ಕದ ಮನೆಯ ಕೆಮ್ಮು

ಕೊಪ್ಪ ಪೇಟೆಯಲ್ಲಿ ನಮ್ಮ ಅಬ್ಬನದು ಚಪ್ಪಲಿ, ಕೊಡೆಗಳ ಅಂಗಡಿ. ಮಗಳ ಓದು ಎಂಥದ್ದು ಎಂದು ಗಿರಾಕಿಗಳು ಕೇಳಿದರೆ ಅಬ್ಬ "ಏನೋ ಲೆಕ್ಕದ್ದು" ಎಂದು ಸುಮ್ಮನಾಗುತ್ತಿದ್ದರು. ಅಮ್ಮಿ ಹಾಗಲ್ಲ. ಪಕ್ಕದ ಮನೆಯ ಆಂಟಿಗೆ ಬಿಡಿಸಿ ಹೇಳಿದರು: "ಯಾರು ಯಾವಾಗ ಹೋಗ್ತಾರೆ ಅಂತ ಇವಳು ನೋಡಿ ಹೇಳ್ತಾಳೆ. ಕಂಪನಿಯವ್ರೇ ಕರ್ಕೊಂಡಿದ್ದಾರೆ."

ಆಂಟಿಯ ಗಂಡ ದಿನಾ ಬೆಳಿಗ್ಗೆ ಜಗಲಿಯಲ್ಲಿ ನಿಂತು ಬೀದಿಯನ್ನೆಲ್ಲ ಎಬ್ಬಿಸುವಂತೆ ಕೆಮ್ಮುವವರು. ಮರುದಿನ ಬ್ಯಾಗು ಹಾಕಿಕೊಂಡು ಹೊರಗೆ ಬಂದೆ. ನನ್ನನ್ನು ಕಂಡದ್ದೇ ಅವರ ಕೆಮ್ಮು ಅರ್ಧಕ್ಕೇ ನಿಂತಿತು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಆದರೂ ಬಾಯಿ ಬಿಡಲಿಲ್ಲ. ನಾನು ತಿರುವು ದಾಟಿದ ಮೇಲೆ ಕೇಳಿಸಿತು, ಮೂರು ದಿನಕ್ಕಾಗುವಷ್ಟು ಕೆಮ್ಮು ಒಟ್ಟಿಗೆ.

ಹುಟ್ಟಿದ ದಿನ

ಭಂಡಿಗಡಿಯಲ್ಲಿ ಒಂದೇ ದಿನ ಇಪ್ಪತ್ತು ಫಾರಂ ತುಂಬಿಸಿ ಹೆಮ್ಮೆಯಿಂದ ಬೆಂಗಳೂರಿಗೆ ಕಳಿಸಿದೆ. ಬಾಸ್ ಫೋನ್ ಮಾಡಿ ರೇಗಿದರು: "ಮನೇಲಿ ಕೂತು ಬರೆದ್ಯಾ? ಅರ್ಧ ಊರು ಜೂನ್ ಒಂದಕ್ಕೆ ಹುಟ್ಟಿದೆ, ಉಳಿದರ್ಧ ಜನವರಿ ಒಂದಕ್ಕೆ!"

ಮತ್ತೆ ಬಸ್ಸು ಹತ್ತಿದೆ. ಅಲ್ಲಿಯ ಹಿರಿಯರೊಬ್ಬರು ಸಮಾಧಾನವಾಗಿ ಕವಳ ಜಗಿಯುತ್ತಾ ವಿವರಿಸಿದರು. ಶಾಲೆಗೆ ಹೋದವರದು ಜೂನ್ ಒಂದು, ಹೋಗದೆ ಆಧಾರ್ ಮಾಡಿಸಿದವರದು ಜನವರಿ ಒಂದು.

"ಬೇರೆ ತಾರೀಖಿಗೆ ಹುಟ್ಟಿದವರು ಒಬ್ಬರೂ ಇಲ್ವಾ ಅಜ್ಜ?"

"ನನ್ನ ಮೊಮ್ಮಗಳಿದ್ದಾಳೆ, ಆಸ್ಪತ್ರೇಲಿ ಹುಟ್ಟಿದ್ದು. ನಮ್ಮನ್ನೆಲ್ಲ ಹೆತ್ತಿದ್ದು ಹೆಡ್‌ಮಾಷ್ಟ್ರೇ ಮಾರಾಯ್ತಿ."

ಕೇಸರಿಬಾತು

ನರಸಿಂಹರಾಜಪುರದ ಹತ್ತಿರ ಒಂದು ಮನೆ. ಮರ ಹತ್ತುವ ಮಗ ಹಿತ್ತಿಲಲ್ಲಿದ್ದ, ತಾಯಿ ಬಾಗಿಲಲ್ಲಿದ್ದರು. ಸಲಾಂ ಹೇಳಿ ಫಾರಂ ತೆಗೆದು ಶುರುಮಾಡಿದೆ. ಮಗನಿಗೆ ವಯಸ್ಸೆಷ್ಟು? ಬೀಡಿ, ಸಿಗರೇಟು ಇದೆಯಾ? ಮನೆತನದಲ್ಲಿ ಸಕ್ಕರೆ ಕಾಯಿಲೆ? ಅಜ್ಜ ಎಷ್ಟು ವರ್ಷ ಬದುಕಿದ್ದರು?

ತಾಯಿಯ ಮುಖ ಅರಳಿತು. ಬೀಡಿಯ ವಾಸನೆಯೇ ಅವನಿಗಾಗದು. ಕಾಯಿಲೆ ಎಂಬುದೇ ವಂಶದಲ್ಲಿಲ್ಲ. ಅಜ್ಜ ಸಾಯುವ ದಿನವೂ ಸೈಕಲ್ ಹೊಡೆದಿದ್ದರು. ಹೇಳುತ್ತಲೇ ಒಳಗೆ ಹೋಗಿ ಕೇಸರಿಬಾತು ತಂದಿಟ್ಟರು. ಹಿತ್ತಿಲ ಕಡೆ ತಿರುಗಿ "ಒಳ್ಳೆ ಅಂಗಿ ಹಾಕ್ಕೊಂಡು ಬಾರೋ!" ಎಂದು ಕೂಗಿದರು. ಆಮೇಲೆ ನನ್ನ ಪಕ್ಕ ಕೂತು ಮೆತ್ತಗೆ ಕೇಳಿದರು: "ಹುಡುಗಿ ನೀನೇನಾ, ನಿನ್ನ ಅಕ್ಕನಾ?"

ಫಾರಂ ಎತ್ತಿ ತೋರಿಸಿದೆ. "ಅಯ್ಯೋ ಖಾಲಾ, ಇದು ಇನ್ಶೂರೆನ್ಸಿಗೆ!"

"ಇನ್ಶೂರೆನ್ಸಾ? ಮೊದ್ಲೇ ಹೇಳ್ಬಾರ್ದಾ? ಬರ್ಕೋ. ದಿನಕ್ಕೆ ಎರಡು ಕಟ್ಟು ಬೀಡಿ, ಮಂಡಿ ನೋವು, ಸಕ್ಕರೆ ಕಾಯಿಲೆ ಅವರಪ್ಪನ ಕಡೆಯಿಂದ" ಎಂದವರೇ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಎರಡೇ ತುತ್ತು ತಿಂದಿದ್ದೆ.

ಬಿದ್ದವರು

ಕೊನೆಯ ವಾರದ ಹೊತ್ತಿಗೆ ಫಾರಂ ತೊಂಬತ್ತಾಗಿತ್ತು. 'ಎಷ್ಟು ಸಲ ಬಿದ್ದಿದ್ದೀರಿ' ಎಂಬಲ್ಲಿ ತೊಂಬತ್ತು ಸೊನ್ನೆ. ಬೀಳುವವ ಎಂದು ಹೆಸರು ಬಂದರೆ ಅಡಿಕೆ ಕೊನೆ ಕೊಯ್ಯಲು ಯಾರೂ ಕರೆಯುವುದಿಲ್ಲ, ಅದಕ್ಕೇ ಯಾರೂ ಬಾಯಿ ಬಿಡುತ್ತಿರಲಿಲ್ಲ. ಶೃಂಗೇರಿ ಕಡೆಯ ಬೇಗಾರಿನಲ್ಲಿ ಒಬ್ಬರ ಕೈ ಸೊಟ್ಟಗಿತ್ತು. ಕೇಳಿದರೆ "ಹುಟ್ಟಿದಾಗಿಂದ್ಲೂ ಹಂಗೇ" ಎಂದರು. ಹೀಗಾದರೆ ನಾನು ಫೇಲು ಎಂದು ನನಗೆ ಅಳುವೇ ಬರುತ್ತಿತ್ತು.

ಸೊನ್ನೆಗಳನ್ನು ನಂಬದ ಬಾಸ್ ಕಾರು ಮಾಡಿಕೊಂಡು ಬೇಗಾರಿಗೇ ಬಂದರು. ಮಳೆಗೆ ಮುಂಚೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ಏಳೆಂಟು ಜನ ತೋಟದಲ್ಲಿ ಸೇರಿದ್ದರು. ಬಾಸ್ ಮರವನ್ನು ಒಮ್ಮೆ ಸವರಿ ನೋಡಿ, "ಇಷ್ಟು ನುಣ್ಣಗಿದೆ. ಬೀಳದೇ ಇರೋಕೆ ಸಾಧ್ಯವೇ ಇಲ್ಲ" ಎಂದರು.

"ಹತ್ತಿ ನೋಡಿ ಸರ್, ಬೀಳಲ್ಲ" ಎಂದರು ಸೊಟ್ಟ ಕೈಯವರು.

ಬಾಸ್ ನಿಜವಾಗಿಯೂ ಬೂಟು ಬಿಚ್ಚಿದರು. ಕಾಲಿಗೆ ಹಗ್ಗದ ಬಳೆ ಹಾಕಿಸಿಕೊಂಡು ಆಳೆತ್ತರ ಹತ್ತಿದರು. ಅಲ್ಲಿ ಮರವನ್ನು ಗಟ್ಟಿಯಾಗಿ ಅಪ್ಪಿಕೊಂಡು ಸ್ವಲ್ಪ ಹೊತ್ತು ಏನೋ ಯೋಚಿಸಿದರು. ನಂತರ ಬೆನ್ನಡಿಯಾಗಿ ಸೊಪ್ಪಿನ ರಾಶಿಗೆ ಬಿದ್ದರು.

ಯಾರೂ ನಗಲಿಲ್ಲ. ಎಲ್ಲರೂ ಸುತ್ತ ನಿಂತು ಮರುಕದಿಂದ ನೋಡಿದರು. ಸೊಟ್ಟ ಕೈಯವರಿಗೆ ತಡೆಯಲಾಗಲಿಲ್ಲ.

"ಇದೆಂತ ಬೀಳೋದು ಸರ್! ನಾನು ಬಿದ್ದಿದ್ದು ನೋಡ್ಬೇಕಿತ್ತು ನೀವು. ಅರ್ಧ ಮರದಿಂದ! ಕೈ ಹಿಂಗಾಗಿದ್ದು ಮತ್ತೆ ಹೆಂಗೆ?"

"ಅರ್ಧ ಮರ ಎಂತ ದೊಡ್ಡದು ಮಾರಾಯ? ನಾನು ತುದಿಯಿಂದ ಬಿದ್ದು, ಎದ್ದು, ಅದೇ ಮರ ಮತ್ತೆ ಹತ್ತಿದ್ದೇನೆ" ಎಂದ ಇನ್ನೊಬ್ಬ.

ಅಷ್ಟೇ, ಕಟ್ಟೆ ಒಡೆಯಿತು. ನಾಲ್ಕು ಸಲ ಎಂದರು, ಏಳು ಸಲ ಎಂದರು. ಅಲ್ಲಿಗೆ ಬಾರದ ಗೆಳೆಯರು ಬಿದ್ದ ಸಲಗಳನ್ನೂ ಫೋನ್ ಮಾಡಿ ಕೇಳಿ ಬರೆಸಿದರು. ನಾನು ಸೊನ್ನೆಗಳನ್ನು ಹೊಡೆದುಹಾಕುತ್ತಾ ಹೋದೆ. ಬಾಸ್ ಸೊಪ್ಪಿನ ಮೇಲೆ ಕೂತೇ "ನಿನ್ನ ಸರ್ಟಿಫಿಕೇಟಿಗೆ ಮೋಸ ಇಲ್ಲ" ಎಂದು ನರಳಿದರು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಸೊಟ್ಟ ಕೈಯವರು ಎಲ್ಲರನ್ನೂ ಸೋಲಿಸಿ "ನಂದು ಹನ್ನೊಂದು!" ಎಂದು ಎದೆ ಉಬ್ಬಿಸಿದರು. ಚಾ ತಂದಿದ್ದ ಅವರ ಹೆಂಡತಿ ನನ್ನ ಫಾರಮಿನ ಮೇಲೆ ಬೆರಳಿಟ್ಟರು.

"ಸುಳ್ಳು ಬರೀಬೇಡ ತಂಗಿ, ಒಂಬತ್ತು ಹಾಕು. ಇನ್ನೆರಡು ಸಲ ಬಿದ್ದಿದ್ದು ಹಲಸಿನ ಮರದಿಂದ. ಅದೂ ನಮ್ಮ ಮರ ಅಲ್ಲ."