ಡೇಂಜರಸ್ಲಿ ಒದ್ದೆಯಾದ ಗೋಡೆ

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಚೆನ್ನೈನ ವೆಸ್ಟ್ ಮಾಂಬಲಂನಲ್ಲಿರುವ ನಮ್ಮ ಬಾಡಿಗೆ ಮನೆಯ ಬಚ್ಚಲ ಗೋಡೆಯ ಮೇಲೆ ಮೂಡಿದ್ದು ದೋಸೆಯಗಲದ ಒಂದು ತೇವದ ಕಲೆ ಮಾತ್ರ. ಪೈಪಿನ ಸಂದಿಯಲ್ಲಿ ಎಲ್ಲೋ ನೀರು ಜಿನುಗುತ್ತಿತ್ತು. ಪ್ಲಂಬರ್ ಬಂದು ಹೋದರೆ ಮುಗಿಯುವ ಕೆಲಸ. ಮನೆ ಮಾಲೀಕರಿಗೆ ಈ ಬಗ್ಗೆ ಒಂದು ಮಾತು ತಿಳಿಸುವ ಹೊಣೆಯನ್ನು ನನ್ನ ಪತ್ನಿ ಪದ್ಮಾ ನನಗೆ ವಹಿಸಿದಳು. ಇಂಥ ವಿಷಯವನ್ನು ಸಮರ್ಪಕವಾಗಿ ಮಂಡಿಸಲು ನನಗಿಂತ ಅರ್ಹರು ಯಾರಿದ್ದಾರೆ ಎಂದುಕೊಂಡು ನಾನು ಸಂತೋಷದಿಂದ ಒಪ್ಪಿದೆ.

ಒಪ್ಪಬಾರದಿತ್ತು!

ನನ್ನ ಅರ್ಹತೆಯ ವಿವರ ಹೀಗಿದೆ. ನಾನು ತುಮಕೂರಿನಿಂದ ವರ್ಗವಾಗಿ ಚೆನ್ನೈಗೆ ಬಂದಿರುವ ಒಬ್ಬ ವಿಮಾ ನೌಕರ. ಊರಿನ ಕಚೇರಿಯಲ್ಲಿ ನಾನು ಕಲಿತ ಪದ್ಧತಿಯ ಪ್ರಕಾರ, "ಜರೂರು" ಎಂದು ಬರೆದ ಕಡತ ಬೆಂಚಿನ ಕೆಳಗೆ ಹೋಗುತ್ತದೆ. "ಅತಿ ಜರೂರು" ಎಂದರೆ ಬೆಂಚಿನ ಮೇಲೆ ಬರುತ್ತದೆ. "ಅತ್ಯಂತ ಅತಿ ಜರೂರು" ಎಂದರೆ ಯಾರಾದರೂ ಅದರ ಧೂಳು ಒರೆಸುತ್ತಾರೆ. ಆದಕಾರಣ ಇಂಗ್ಲಿಷಿನಲ್ಲಿಯೂ ನಾನು ಒಂದು ಬಡ ಪದವನ್ನು ಒಂಟಿಯಾಗಿ ಹೊರಗೆ ಕಳಿಸಿದವನಲ್ಲ. ಅದರ ಬೆಂಗಾವಲಿಗೆ ಒಂದು "ಎಕ್ಸ್‌ಟ್ರೀಮ್ಲಿ" ಅಥವಾ ಒಂದು "ಅಬ್ಸೊಲ್ಯೂಟ್ಲಿ" ಇದ್ದೇ ಇರುತ್ತದೆ.

ಮಾಲೀಕರಾದ ಶ್ರೀ ಸುಂದರೇಶನ್ ಅವರು ಕೆಳಮನೆಯಲ್ಲಿಯೇ ವಾಸವಾಗಿದ್ದಾರೆ. ಪೆರಂಬೂರಿನ ರೈಲು ಬೋಗಿಗಳ ಕಾರ್ಖಾನೆಯಲ್ಲಿ ಕೆಲಸಗಾರರ ಸುರಕ್ಷತೆ ನೋಡಿಕೊಂಡು ನಿವೃತ್ತರಾದವರು. ಅವರಿಗೆ ಕನ್ನಡ ಬಾರದು, ನನಗೆ ತಮಿಳು ಬಾರದು. ಆದ್ದರಿಂದ ನಮ್ಮ ನಡುವಿನ ವ್ಯವಹಾರ ಇಂಗ್ಲಿಷಿನಲ್ಲಿ.

"ಸಾರ್, ಬಾತ್‌ರೂಮ್ ವಾಲ್ ಈಸ್ ಟೋಟಲಿ ವೆಟ್," ಎಂದು ನಿವೇದಿಸಿದೆ.

ಅವರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಕಡತ ಬೆಂಚಿನ ಕೆಳಗೆ ಹೋಯಿತೆಂದು ನಾನು ಭಾವಿಸಿದೆ.

"ಎಕ್ಸ್‌ಟ್ರೀಮ್ಲಿ ವೆಟ್, ಸಾರ್."

"ಊಂ," ಎಂದು ಹಾಳೆ ಮಗುಚಿದರು.

"ಸಾರ್, ಇಟ್ ಈಸ್ ಡೇಂಜರಸ್ಲಿ ವೆಟ್!"

ಪತ್ರಿಕೆ ನೆಲಕ್ಕೆ ಬಿತ್ತು. "ಡೇಂಜರಸ್ಲಿಯಾ? ಶೂರಾ ಸೊಲ್ರೀಂಗಳಾ?"

"ಅಬ್ಸೊಲ್ಯೂಟ್ಲಿ ಶೂರ್, ಸಾರ್!" ಎಂದೆ. ಧೂಳು ಒರೆಸಲು ಆರಂಭಿಸಿದ್ದಾರೆಂದು ಒಳಗೊಳಗೇ ಹಿಗ್ಗಿದೆ.

ಸುಂದರೇಶನ್ ಅವರು ದುಡಿದ ಜಾಗದಲ್ಲಿ "ಡೇಂಜರ್" ಎಂಬ ಮಾತನ್ನು ಒಬ್ಬ ಒಮ್ಮೆ ಆಡಿದರೆ ಯಂತ್ರ ನಿಲ್ಲಬೇಕು, ಜನ ಹೊರಗೆ ಬರಬೇಕು, ಆಮೇಲೆ ಮಿಕ್ಕ ಮಾತು. ಈ ಸಂಗತಿ ನನಗೆ ತಿಳಿದಿರಲಿಲ್ಲ. ತಿಳಿಯುವಷ್ಟರಲ್ಲಿ ಇಡೀ ಕಟ್ಟಡದ ನೀರಿನ ಮೋಟಾರು ನಿಂತಿತ್ತು. ಕರೆಂಟು ಹೋಗಿತ್ತು. ತಲೆಗೆ ಶಾಂಪೂ ಹಚ್ಚಿಕೊಂಡಿದ್ದ ಎದುರುಮನೆಯವರು ಮೆಟ್ಟಿಲ ಮೇಲೆ ನಿಂತು ತಮಿಳಿನಲ್ಲಿ ಏನನ್ನೋ ವಿಸ್ತಾರವಾಗಿ ಹೇಳುತ್ತಿದ್ದರು. ಅರ್ಥವಾಗದಿದ್ದುದು ನನ್ನ ಪುಣ್ಯ!

ಸಂಜೆ ಮಾಲೀಕರ ಹಳೆಯ ಸಹೋದ್ಯೋಗಿಯೊಬ್ಬರು ಸುತ್ತಿಗೆ ಸಮೇತ ಬಂದು ಗೋಡೆಯನ್ನು ತಟ್ಟಿದರು. ಮುದಿ ಟೈಲ್ಸೊಂದು ಅದೇ ಘಳಿಗೆಗೆ ಕಾದಿದ್ದಂತೆ ಕಳಚಿ ಬಿತ್ತು. ಸುಂದರೇಶನ್ ಅವರ ತೀರ್ಮಾನ ಹೊರಬಿತ್ತು.

"ಸೇಫ್ಟಿ ಫಸ್ಟ್, ಸಾರ್. ಯೂ ಪ್ಲೀಸ್ ವೆಕೇಟ್. ಐ ವಿಲ್ ಬ್ರೇಕ್ ದಿ ಹೋಲ್ ವಾಲ್."

ಮನೆಗೆ ಬಂದು ವರದಿ ಒಪ್ಪಿಸಿದೆ.

"ಗೋಡೆ ಒದ್ದೆ ಆಗಿದೆ ಅನ್ನೋಕೆ ಕಳಿಸಿದ್ರೆ ಮನೇನೇ ಖಾಲಿ ಮಾಡಿಸ್ಕೊಂಡ್ ಬಂದ್ರಾ?" ಎಂದಳು ಪದ್ಮಾ.

"ವಿಷಯಕ್ಕೆ ಸ್ವಲ್ಪ ತೂಕ ಕೊಟ್ಟೆ ಕಣೇ."

"ಟೈಲ್ಸ್ ಬೀಳೋಷ್ಟು ತೂಕಾನಾ? ಬಿಸಿಲಲ್ಲಿ ಬೀದಿ ಬೀದಿ ಅಲೆದು ಹುಡುಕಿದ ಮನೆ ರೀ ಇದು! ಸ್ಟೇಷನ್ ಹತ್ರ, ಸಿರಿ ಸ್ಕೂಲ್ ಹತ್ರ. ಇನ್ನೊಂದ್ಸಲ ಅಲೆಯೋದಾದ್ರೆ ನೀವೊಬ್ರೇ ಅಲೀರಿ!"

ಪ್ಲಸ್ ಟೂ ಓದುತ್ತಿರುವ ಮಗಳು ಸಿರಿ ಪುಸ್ತಕ ಮುಚ್ಚಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಬೇರೆ ಭಾಷೆಗಳಲ್ಲಿ ಬರುತ್ತದೆ. "ಐಯೋ ಅಪ್ಪಾ, ಎಕ್ಸಾಮ್ ಟೈಮ್‌ಲ ವೀಡು ಶಿಫ್ಟಿಂಗಾ? ವೈ ಕಾಂಟ್ ಯೂ ಜಸ್ಟ್ ಸೇ ವೆಟ್?"

ಆದ ಪ್ರಮಾದವನ್ನು ಸರಿಪಡಿಸುವುದು ನನ್ನ ಕರ್ತವ್ಯವಾಗಿತ್ತು. ಮರುದಿನ ಬೆಳಿಗ್ಗೆಯೇ ಕೆಳಗಿಳಿದು, ಹಿಂದಿನ ಹೇಳಿಕೆಯನ್ನು ರದ್ದುಪಡಿಸುವಷ್ಟು ಬಲವಾದ ಹೇಳಿಕೆ ನೀಡಿದೆ.

"ಸಾರ್, ವಾಲ್ ಈಸ್ ಪರ್ಫೆಕ್ಟ್ಲಿ ಡ್ರೈ! ಕಂಪ್ಲೀಟ್ಲಿ ಸೇಫ್! ಅಬ್ಸೊಲ್ಯೂಟ್ಲಿ, ಡೆಫಿನಿಟ್ಲಿ ನೋ ಪ್ರಾಬ್ಲಮ್!"

ಅವರು ನನ್ನನ್ನು ಕರುಣೆಯಿಂದ ನೋಡಿದರು. ಪೆಟ್ಟಾದದ್ದನ್ನು ಮುಚ್ಚಿಟ್ಟು ಮತ್ತೆ ಕೆಲಸಕ್ಕೆ ಬಂದ ಎಷ್ಟು ಜನರನ್ನು ಅವರು ನೋಡಿದ್ದರೋ! ನನ್ನ ಹೆಗಲ ಮೇಲೆ ಕೈಯಿಟ್ಟರು.

"ಭಯಪಡಾದೀಂಗ, ಸಾರ್. ವೀಡಾ ಮುಖ್ಯಂ? ಉಯಿರ್ ಮುಖ್ಯಂ!" ಮನೆಗಿಂತ ಜೀವ ಮುಖ್ಯ ಎಂಬರ್ಥದಲ್ಲಿ ಏನೋ ಹೇಳಿ, ನನ್ನ ಕಣ್ಣೆದುರೇ ಸಾಮಾನು ಸಾಗಿಸುವ ಟೆಂಪೋದವನಿಗೆ ಫೋನ್ ಮಾಡಿದರು!

ನಾನು ಮೇಲೆ ಬಂದೆ. ನನ್ನ ಮುಖ ನೋಡಿದ ಪದ್ಮಾ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದಳು. ತರಕಾರಿ ಅಂಗಡಿಯಲ್ಲಿ ಕಲಿತಿದ್ದಷ್ಟೇ ಅವಳ ತಮಿಳು. ನಾನು ಮೆಟ್ಟಿಲ ತಿರುವಿನಲ್ಲಿ ನಿಂತು ಕೇಳಿಸಿಕೊಂಡೆ.

"ಸಾರ್, ಸುವರು ಕೊಂಜಂ ಈರಂ. ಅವ್ವಳವುದಾನ್." ಗೋಡೆ ಸ್ವಲ್ಪ ಒದ್ದೆ, ಅಷ್ಟೇ.

"ಕೊಂಜಮಾ? ಉಂಗ ಸಾರ್ ಡೇಂಜರಸ್ಲಿನ್ನು ಸೊನ್ನಾರೇ!"

"ಅವರು ಅಪ್ಪಡಿದಾನ್, ಸಾರ್." ನಾನು ಇರುವುದೇ ಹಾಗಂತೆ. "ಕಾಪಿ ಆರಿದ್ರೂ 'ಡೇಂಜರಸ್ಲಿ ಕೋಲ್ಡ್'!"

ಸುಂದರೇಶನ್ ಅವರು ನಕ್ಕ ನಗು ಮೂರನೇ ಮಹಡಿಯವರೆಗೂ ಕೇಳಿಸಿತು. ಟೆಂಪೋ ರದ್ದಾಯಿತು. ಪ್ಲಂಬರ್ ಬಂದ. ಮನೆ ಉಳಿಯಿತು. ನನ್ನ ಮಾನದ ಬಗ್ಗೆ ಪ್ರತ್ಯೇಕವಾಗಿ ವರದಿ ಮಾಡುವ ಅಗತ್ಯ ಕಾಣುವುದಿಲ್ಲ.

ಅಂದಿನಿಂದ ಇಂಗ್ಲಿಷಿನಲ್ಲಿ ಬೆಂಗಾವಲಿಲ್ಲದೆ ಮಾತನಾಡುವುದೆಂದು ನಾನು ನಿರ್ಧರಿಸಿದೆ. ಹೀಗಿರಲಾಗಿ ಕಳೆದ ವಾರ, ನಾನು ಸೋಪು ಹಚ್ಚಿಕೊಳ್ಳುತ್ತಿದ್ದಾಗ ಬಚ್ಚಲ ಚಾವಣಿಯ ಗಾರೆ ಒಂದು ತಟ್ಟೆಯಷ್ಟಗಲ ಕಿತ್ತು ನೇರವಾಗಿ ನನ್ನ ನೆತ್ತಿಯ ಮೇಲೆ ಬಿತ್ತು. ತಲೆಯಲ್ಲಿ ಸಿಮೆಂಟು, ಸೊಂಟದಲ್ಲಿ ಟವೆಲ್ಲು, ನೆತ್ತಿಯ ಮೇಲೆ ನಿಂಬೆಹಣ್ಣಿನಂಥ ಬುಗುಟು. ಹಾಗೆಯೇ ಕೆಳಗೆ ಓಡಿದೆ. ನಾಲಿಗೆಯ ತುದಿಗೆ ಬಂದ ಪದಗಳನ್ನೆಲ್ಲ ಕಷ್ಟಪಟ್ಟು ನುಂಗಿದೆ.

"ಸಾರ್, ಸೀಲಿಂಗ್ ಫೆಲ್."

ಸುಂದರೇಶನ್ ಅವರು ಪತ್ರಿಕೆಯ ಅಂಚಿನಿಂದ ಇಣುಕಿದರು. "ಜಸ್ಟ್ ಫೆಲ್ಲಾ?"

"ಜಸ್ಟ್ ಫೆಲ್, ಸಾರ್."

"ಸರಿ ಸರಿ. ಆಫ್ಟರ್ ಪೊಂಗಲ್ ಪಾಕಲಾಂ," ಹಬ್ಬ ಮುಗಿದ ಮೇಲೆ ನೋಡೋಣ, ಎಂದು ಹಾಳೆ ಮಗುಚಿದರು.

ಕಡತ ಬೆಂಚಿನ ಕೆಳಗೆ ಹೋಯಿತು! ಪೊಂಗಲ್ ಹಬ್ಬ ಇನ್ನೂ ದೂರವಿದೆ. ಅಲ್ಲಿಯವರೆಗೆ ನಾನು ಹೆಲ್ಮೆಟ್ ಧರಿಸಿಯೇ ಸ್ನಾನ ಮಾಡತಕ್ಕದ್ದೆಂದು ಪದ್ಮಾ ಆದೇಶ ಹೊರಡಿಸಿದ್ದಾಳೆ. ಸದರಿ ಆದೇಶವನ್ನು ನಾನು ಅಬ್ಸೊಲ್ಯೂಟ್ಲಿ ಪಾಲಿಸುತ್ತಿದ್ದೇನೆ.

ಕ್ಷಮಿಸಿ. ಪಾಲಿಸುತ್ತಿದ್ದೇನೆ.