ಅವಧಿ ಮೀರಿದ ಜೆಲ್ಲೂ ನನ್ನ ಕೋಣೆಯೂ

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಮಾತುಗಳೂ ಅದೇ ಕೋಳಿಯ ಮರಿಗಳು, ಒಂದೊಂದು ಒಂದೊಂದು ಕಡೆಗೆ ಓಡುತ್ತವೆ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು ನಾನು. ದಡ್ಡಿಯೇನಲ್ಲ. ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿರುತ್ತಿತ್ತು, ಗಂಟಲು ದಾಟಿ ಹೊರಗೆ ಬರುತ್ತಿರಲಿಲ್ಲ. ಕೊನೆಗೆ ಉತ್ತರವೂ ನಾನೂ ಇಬ್ಬರೂ ಮನೆಯಲ್ಲೇ ಉಳಿದುಬಿಟ್ಟೆವು! ಆದ್ದರಿಂದ ಇದನ್ನು ನಿಧಾನವಾಗಿ, ತಪ್ಪು ತಿದ್ದಿಕೊಂಡು ಬರೆಯುತ್ತಿದ್ದೇನೆ.

ಈ ವಸಂತದಲ್ಲಿ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ: 'ಈ ಮನೆಯಿಂದ ಇನ್ನು ಮುಂದೆ ತಿನ್ನುವ ಪದಾರ್ಥ ಒಂದು ಚೂರೂ ಕಸಕ್ಕೆ ಹೋಗಕೂಡದು. ಹೋಗುವುದಾದರೆ ನನ್ನ ಹೆಣದ ಮೇಲೆ ಹಾದು ಹೋಗಲಿ!' ಮನಸ್ಸಿನಲ್ಲೇ ಅಂದುಕೊಂಡೆ. ಗಟ್ಟಿಯಾಗಿ ಹೇಳುವ ಅಭ್ಯಾಸ ನನಗಿಲ್ಲ.

ಮನೆ ಎಂದರೆ ಬೆಟ್ಟದ ಬುಡದ ಕರಾಕೋಲ್ ಪಟ್ಟಣದಲ್ಲಿರುವ ನನ್ನ ಸಯಾಕನ್ ಅಕ್ಕನ ಅತಿಥಿಗೃಹ. ಬೇಸಿಗೆ ಪೂರ್ತಿ ವಿದೇಶಿಗರು ಬರುತ್ತಾರೆ. ಕೆಲವರು ಬೆಟ್ಟ ಹತ್ತುತ್ತಾರೆ. ಇನ್ನು ಕೆಲವರು, ಅಟ್ಟಿಸಿಕೊಂಡು ಹೋಗುವವರು ಯಾರೂ ಇಲ್ಲದಿದ್ದರೂ, ಬೆಟ್ಟದ ಮೇಲೆ ಓಡುತ್ತಾರೆ. ಹೋಗುವಾಗ ಭಾರವೆಂದು ಏನೇನೋ ಬಿಟ್ಟು ಹೋಗುತ್ತಾರೆ. ಹಾಗೆ ಬಿಟ್ಟು ಹೋದದ್ದೇ ಒಂದು ಪೆಟ್ಟಿಗೆ ಎನರ್ಜಿ ಜೆಲ್. ಹೆಬ್ಬೆರಳಿನ ಗಾತ್ರದ ಪೊಟ್ಟಣಗಳು. ಮೂಲೆ ಹರಿದು ಹಿಂಡಿದರೆ ಅಂಟಾದ ಸಿಹಿ ಪಾಕ ಬರುತ್ತದೆ. ಓಡುತ್ತಾ ಓಡುತ್ತಾ ಅದನ್ನು ಬಾಯಿಗೆ ಹಿಂಡಿಕೊಂಡರೆ ಕಾಲಿಗೆ ಶಕ್ತಿ ಬರುತ್ತದಂತೆ.

ಉಗ್ರಾಣ ಗುಡಿಸುವಾಗ ಆ ಪೆಟ್ಟಿಗೆ ಸಿಕ್ಕಿತು. ಅಕ್ಕ ಒಂದು ಪೊಟ್ಟಣ ತಿರುಗಿಸಿ ನೋಡಿ, "ಕೆಂಜೆ, ದಿನ ದಾಟಿ ಹೋಗಿದೆ. ಹೋದ ಶರತ್ಕಾಲಕ್ಕೇ ಮುಗಿದಿದೆ. ಬಿಸಾಕು," ಎಂದಳು.

ಆ ಮಾತು ಒಳಕೋಣೆಯಲ್ಲಿದ್ದ ಬಾತ್ಮಾ ಅಪಾ ಅವರ ಕಿವಿಗೆ ಬಿತ್ತು. ಅಪಾ ಎಂದರೆ ಅಕ್ಕನ ಅತ್ತೆ. ಪಕ್ಕದಲ್ಲಿ ಕೂತು ಕೂಗಿದರೆ ಅವರಿಗೆ ಕೇಳಿಸುವುದಿಲ್ಲ. 'ಬಿಸಾಕು' ಎಂದು ಪಿಸುಗುಟ್ಟಿದರೆ ಮಾತ್ರ ಊರಾಚೆಯಿಂದಲೂ ಕೇಳಿಸುತ್ತದೆ!

"ಉಬಾಲ್!" ಎಂದರು ಅಪಾ.

ನಮ್ಮಲ್ಲಿ ಈ ಒಂದು ಮಾತಿಗೆ ಎದುರು ಮಾತಿಲ್ಲ. ಅನ್ನ ಚೆಲ್ಲಿದರೆ ಸುತ್ತಿಕೊಳ್ಳುವ ಪಾಪವೇ ಉಬಾಲ್. ರೊಟ್ಟಿಯ ಚೂರು ನೆಲಕ್ಕೆ ಬಿದ್ದರೆ ಎತ್ತಿ ಹಣೆಗೊತ್ತಿಕೊಳ್ಳುವ ಜನ ನಾವು.

"ಅಪಾ, ಇದು ಅನ್ನವಲ್ಲ, ಓಡುವವರ ಔಷಧಿ," ಎಂದಳು ಅಕ್ಕ.

"ಬಾಯಿಗೆ ಹೋಗುತ್ತೋ ಇಲ್ವೋ?"

"ಹೋಗುತ್ತೆ."

"ಹಾಗಾದರೆ ಅನ್ನವೇ!"

ಎರ್ಮೆಕ್ ಭಾವನಿಗೆ ಇಂಥ ಜಗಳವೆಂದರೆ ಹಬ್ಬದೂಟ. ಪೊಟ್ಟಣ ಕೈಗೆತ್ತಿಕೊಂಡು ಪಂಡಿತರ ಹಾಗೆ ಕೆಮ್ಮಿದರು. "ಇಲ್ಲಿ ಬರೆದಿರೋದು ಬೆಸ್ಟ್ ಬಿಫೋರ್. ಅಂದರೆ ಆ ದಿನಕ್ಕೆ ಮುಂಚೆ ಬೆಸ್ಟ್. ಆಮೇಲೆ ವಿಷ ಅಂತ ಎಲ್ಲೂ ಬರೆದಿಲ್ಲ. ಆಮೇಲೆ ಸುಮಾರು, ಅಷ್ಟೇ. ನಿಮ್ಮಕ್ಕನ ಹಾಗೆ ನೋಡು ನಾದಿನಿ, ಮದುವೆಗೆ ಮುಂಚೆ ಬೆಸ್ಟ್..."

"ರೀ, ಮದುವೆಗೆ ಮುಂಚೆ ಯಾರು ಬೆಸ್ಟ್ ಇದ್ದರು ಅಂತ ನಿಮ್ಮ ಹೊಟ್ಟೆ ನೋಡಿದರೆ ಗೊತ್ತಾಗುತ್ತೆ," ಎಂದಳು ಅಕ್ಕ.

ಪೆಟ್ಟಿಗೆ ನನ್ನ ಪಾಲಿಗೆ ಬಂತು. ನಾನು ಹುಷಾರಿನ ಹುಡುಗಿ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ಉಬ್ಬಿದ್ದು, ಸೋರಿದ್ದು ಯಾವುದೂ ಇರಲಿಲ್ಲ. ಒಂದನ್ನು ಒಡೆದು ಮೂಸಿ, ನಾಲಿಗೆಯ ತುದಿಗೆ ಹಚ್ಚಿಕೊಂಡೆ. ಸಕ್ಕರೆ ಹರಳುಗಟ್ಟಿ ಹಳೆಯ ಜೇನಿನ ಹಾಗಿತ್ತು. ಒಂದು ಪೊಟ್ಟಣ ಪೂರ್ತಿ ತಿಂದೆ. ಹೊಟ್ಟೆ ನೋಯಲಿಲ್ಲ. ಅಂಗಳ ಗುಡಿಸಿದೆ. ಹಿತ್ತಿಲು ಗುಡಿಸಿದೆ. ಬೀದಿ ಗುಡಿಸಿದೆ. ಪಕ್ಕದ ಮನೆಯವರ ಅಂಗಳಕ್ಕೆ ಕಾಲಿಟ್ಟಾಗ ಅವರ ನಾಯಿ ಬೊಗಳಿತು, ಆಗ ಎಚ್ಚರವಾಯಿತು. ಅಬ್ಬಾ! ದಿನ ದಾಟಿದ್ದು ಪೊಟ್ಟಣಕ್ಕೆ, ಶಕ್ತಿಗಲ್ಲ!

ಅದೇ ಹೊತ್ತಿಗೆ ಮನೆಯಲ್ಲಿ ಒಂದು ದೊಡ್ಡ ಕೆಲಸ ಹೂಡಿದ್ದರು. ನಾನು ಮಲಗುವುದು ಅಡುಗೆಮನೆಯಲ್ಲಿ, ಒಲೆಯ ಪಕ್ಕ. ಬೆಟ್ಟಕ್ಕೆ ಹೋಗುವವರು ನಸುಕಿನಲ್ಲೇ ಬಿಸಿನೀರು ಕೇಳಲು ಬಂದು ನನ್ನ ಕಾಲು ತುಳಿದು, "ಸಾರಿ" ಎನ್ನುತ್ತಾರೆ. ನನಗೊಂದು ಆಸೆ ಇತ್ತು. ಅರಮನೆ ಬೇಡ, ಕಿರೀಟ ಬೇಡ. ನನ್ನದೇ ಒಂದು ಕೋಣೆ, ಅದಕ್ಕೊಂದು ಬಾಗಿಲು, ಬಾಗಿಲನ್ನು ಒಳಗಿನಿಂದ ಹಾಕಿಕೊಂಡು ಯಾರ ಎದುರಿಗೂ ಇಲ್ಲದೆ ಸುಮ್ಮನೆ ಕೂರುವುದು. ಇಷ್ಟೇ ನನ್ನ ಸಾಮ್ರಾಜ್ಯ!

ಭಾವ ಒಪ್ಪಿದ್ದರು. ಮನೆಯ ಹಿಂಗೋಡೆಗೆ ಆನಿಸಿ ಮೂರು ಗೋಡೆ ಎಬ್ಬಿಸಿದರೆ ನನಗೊಂದು ಕೋಣೆ. "ಆದರೆ ಒಂದು ಮಾತು ನಾದಿನಿ. ನಾಳೆ ಒಂದೇ ದಿನದ ಅಶರ್‌ನಲ್ಲಿ ಗೋಡೆ ಎದ್ದರೆ ಕೋಣೆ ನಿನ್ನದು. ನಾಳಿದ್ದು ಎಲ್ಲರೂ ಕುರಿ ಹೊಡೆದುಕೊಂಡು ಬೇಸಿಗೆ ಹುಲ್ಲುಗಾವಲಿಗೆ ಹೋಗ್ತಾರೆ. ಆಮೇಲೆ ಕೈ ಸಿಗಲ್ಲ. ಎದ್ದಿಲ್ಲ ಅಂದರೆ ಇಟ್ಟಿಗೆ ಕುದುರೆ ಲಾಯಕ್ಕೆ."

ಅಶರ್ ಎಂದರೆ ಮುಯ್ಯಾಳು. ನೆರೆಯವರೆಲ್ಲ ಬಂದು ದುಡಿಯುತ್ತಾರೆ. ಕೂಲಿ ಕೇಳಿದರೆ ಅವಮಾನ, ಊಟ ಕೊಡದಿದ್ದರೆ ಮಹಾ ಅವಮಾನ. ಮೇಲಿನ ಬೀದಿಯಿಂದ ಆಸಾನ್‌ಕುಲ್ ಅಜ್ಜನ ದಂಡು ಬಂತು, ಕೆಳಗಿನ ಬೀದಿಯಿಂದ ದೂಯ್ಶೆನ್ ಅಜ್ಜನ ದಂಡು. ಈ ಇಬ್ಬರು ಅಜ್ಜಂದಿರು ಚಿಕ್ಕಂದಿನ ಗೆಳೆಯರು. ಅಂದರೆ ಚಿಕ್ಕಂದಿನಿಂದ ಒಬ್ಬರನ್ನೊಬ್ಬರು ಹಂಗಿಸುತ್ತಲೇ ಬಂದವರು.

ಮೇಲಿನ ಬೀದಿಯವರು ಎಡ ಮೂಲೆಯಿಂದ, ಕೆಳಗಿನವರು ಬಲ ಮೂಲೆಯಿಂದ ಗೋಡೆ ಕಟ್ಟುತ್ತಾ ಬರುವುದು, ಮುಂದಿನ ಗೋಡೆಯ ನಡುವೆ ಬಾಗಿಲಿಗೆ ಜಾಗ ಬಿಟ್ಟು ನಿಲ್ಲುವುದು ಎಂದು ಮಾತಾಯಿತು. ಬಡಗಿ ಬಾಗಿಲ ಚೌಕಟ್ಟನ್ನು ಊಟದ ಮೇಲೆ ತರುತ್ತೇನೆ ಎಂದಿದ್ದ. ಪಕ್ಕದ ಗೋಡೆಗೆ ಕೂರಿಸಲು ಹಳೆಯ ಪುಟ್ಟ ಕಿಟಕಿಯೊಂದು ಮನೆಯಲ್ಲೇ ಇತ್ತು.

ಮಧ್ಯಾಹ್ನದವರೆಗೆ ಕೆಲಸ ನಡೆದದ್ದಲ್ಲ, ತೆವಳಿದ್ದು. ಒಂದು ಇಟ್ಟಿಗೆಗೆ ಒಂದು ಕಥೆ. ಒಂದು ಸಾಲಿಗೆ ಒಂದು ನಿದ್ದೆ. ಪಲಾವ್ ಉಂಡ ಮೇಲಂತೂ ಆಸಾನ್‌ಕುಲ್ ಅಜ್ಜ ಇಟ್ಟಿಗೆಯ ರಾಶಿಗೆ ಒರಗಿ ಟೋಪಿ ಮುಖಕ್ಕೆಳೆದುಕೊಂಡರು. ಗೋಡೆ ನನ್ನ ಮೊಣಕಾಲಿನಷ್ಟಿತ್ತು. ನನ್ನ ಸಾಮ್ರಾಜ್ಯವನ್ನು ಕುರಿ ಕೂಡ ದಾಟಬಹುದಿತ್ತು!

ಊಟದ ಮೇಲಿನ ಚಹಾದ ಜೊತೆ ನೆಂಚಿಕೊಳ್ಳುವ ಹಣ್ಣಿನ ಪಾಕ ಮುಗಿದಿದೆ ಎಂದು ಅಕ್ಕ ಕೂಗಿದಳು. ಆ ಕ್ಷಣ ನನ್ನ ತಲೆಯಲ್ಲಿ ಸೂರ್ಯೋದಯವಾಯಿತು. ಉಬಾಲ್ ತಪ್ಪುತ್ತದೆ, ತಟ್ಟೆ ತುಂಬುತ್ತದೆ, ಗೋಡೆ ಏಳುತ್ತದೆ! ಪೊಟ್ಟಣಗಳನ್ನು ತೊಳೆದು, ಒರೆಸಿ, ಕತ್ತರಿಯಿಂದ ಮೂಲೆ ಕತ್ತರಿಸಿ, ಬಣ್ಣಬಣ್ಣದ್ದನ್ನು ಬೇರೆಬೇರೆ ಬಟ್ಟಲಿಗೆ ಹಿಂಡಿದೆ. ಕೆಂಪು, ಹಳದಿ, ಮತ್ತು ಕಾಫಿ ಬೀಜದ ಚಿತ್ರವಿದ್ದ ಕಂದು. ಇನ್ನೊಂದು ಉಪ್ಪುಪ್ಪಾಗಿತ್ತು. ಅದನ್ನೇನು ಮಾಡುವುದೆಂದು ಯೋಚಿಸಿ, ನಮ್ಮ ಹಾಲಿನ ಚಹಾಕ್ಕೆ ಹೇಗೂ ಉಪ್ಪು ಹಾಕುತ್ತೇವಲ್ಲ ಎಂದು ಅದನ್ನೂ ಇಟ್ಟೆ.

ಎಲ್ಲರೂ ಬಡಿದಾಡಿಕೊಂಡು ಬಟ್ಟಲು ಬಟ್ಟಲೇ ಖಾಲಿ ಮಾಡಿದರು.

"ಬಾತ್ಮಾ, ಇದು ಯಾವ ಹಣ್ಣು?" ಎಂದು ದೂಯ್ಶೆನ್ ಅಜ್ಜ ಬೆರಳು ನೆಕ್ಕಿದರು.

"ಕಾಡುಹಣ್ಣು," ಎಂದರು ಅಪಾ ಕಣ್ಣು ಮಿಟುಕಿಸದೆ. "ನಾನೇ ಕುದಿಸಿದ್ದು. ಯಾರಿಗೂ ಹೇಳಿಕೊಡಲ್ಲ."

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಆಸಾನ್‌ಕುಲ್ ಅಜ್ಜ ಟೋಪಿ ಎತ್ತಿ ಎದ್ದು ನಿಂತರು. "ನನ್ನ ಮೊಣಕಾಲು ನೋವು ಎಲ್ಲಿ ಹೋಯ್ತೋ?"

"ಕೆಳಗಿನ ಬೀದಿಯವರ ಕೆಲಸ ನೋಡಿ ಹೆದರಿ ಓಡಿಹೋಯ್ತು," ಎಂದರು ದೂಯ್ಶೆನ್ ಅಜ್ಜ.

"ನಿಮ್ಮದು ಗೋಡೆನಾ? ನಾನು ಆಕಳು ಮಲಗಿದೆ ಅಂದುಕೊಂಡಿದ್ದೆ!"

ಅಷ್ಟೇ. ಯುದ್ಧ ಶುರುವಾಯಿತು! ಇಟ್ಟಿಗೆಗಳು ಕೈಯಿಂದ ಕೈಗೆ ಹಾರಿದವು. ಕೆಸರು ಕಲಸುವವರು ಕುಣಿಯುವವರ ಹಾಗೆ ತುಳಿದರು. ಮಾತಾಡದವರು ಮಾತಾಡಿದರು, ಮಾತಾಡುವವರು ಹಾಡಿದರು. ಒಳಗಡೆ ನಿಂತು ಗೋಡೆ ಸಾರಿಸುತ್ತಿದ್ದ ಭಾವನೂ ಎರಡು ಬಟ್ಟಲು ಕಂದು ಪಾಕ ಏರಿಸಿದ್ದರು. ಕರಣೆ ಹಿಡಿದ ಕೈ ಕಣ್ಣಿಗೆ ಕಾಣುತ್ತಿರಲಿಲ್ಲ.

ಗೋಡೆ ಸೊಂಟಕ್ಕೆ ಬಂತು, ಎದೆಗೆ ಬಂತು. ನಾನು ಚಹಾದ ಹೂಜಿ ಹಿಡಿದು ಆನಂದದಿಂದ ನೋಡುತ್ತಾ ನಿಂತಿದ್ದೆ. ಎರಡೂ ದಂಡುಗಳು ಮುಂಗೋಡೆಯ ನಡುವಿನ ಕಡೆಗೆ ನುಗ್ಗಿ ಬರುತ್ತಿದ್ದವು. ನಡುವೆ ಉಳಿದಿದ್ದ ಖಾಲಿ ಜಾಗವೇ ನನ್ನ ಬಾಗಿಲು. ಅದು ಕಿರಿದಾಯಿತು. ಯಾವ ದಂಡೂ ಮೊದಲು ನಿಲ್ಲುವ ಹಾಗೆ ಕಾಣಲಿಲ್ಲ. ಮೊದಲು ನಿಂತವರು ಸೋತವರು!

ನಾನು ಧೈರ್ಯವನ್ನೆಲ್ಲ ಒಟ್ಟುಗೂಡಿಸಿ, "ಅಜ್ಜಾ, ಬಾಗಿಲು..." ಎಂದೆ.

"ಮುಚ್ಚಿಬಿಡು ಕೂಸೇ, ಅಡುಗೆಮನೆಗೆ ಧೂಳು ಹೋಗುತ್ತೆ," ಎಂದರು ಆಸಾನ್‌ಕುಲ್ ಅಜ್ಜ, ತಿರುಗದೆ.

ದೂಯ್ಶೆನ್ ಅಜ್ಜನ ಬಳಿಗೆ ಓಡಿದೆ. "ಅಜ್ಜಾ, ಬಾಗಿಲು!"

"ಯಾರು ಬಂದರು? ಕೂತ್ಕೊಳ್ಳೋಕೆ ಹೇಳು. ಇವರನ್ನ ಸೋಲಿಸಿ ಬರ್ತೀನಿ!"

ಗೋಡೆಗೆ ಹೇಳಿದ ಹಾಗಾಯಿತು ಎನ್ನುತ್ತಾರಲ್ಲ, ನಾನು ನಿಜವಾಗಿಯೂ ಗೋಡೆಗೇ ಹೇಳುತ್ತಿದ್ದೆ. ನಡುವೆ ಒಂದೇ ಒಂದು ಇಟ್ಟಿಗೆಯ ಸಂದು ಉಳಿದಾಗ ಇಬ್ಬರು ಅಜ್ಜಂದಿರೂ ಒಂದೊಂದು ಇಟ್ಟಿಗೆ ಹಿಡಿದು ನುಗ್ಗಿದರು. ಯಾರದು ಮೊದಲು ಕೂತಿತೆಂಬ ಜಗಳ ಇನ್ನೂ ತೀರಿಲ್ಲ. ಕೂತದ್ದಂತೂ ಗಟ್ಟಿಯಾಗಿ ಕೂತಿತು. ಅದರ ಮೇಲೆ ಸಾಲಿನ ಮೇಲೆ ಸಾಲು ಏರಿತು. ಸೂರ್ಯ ಇಳಿಯುವ ಮೊದಲೇ ಗೋಡೆ ಮೇಲ್ಛಾವಣಿ ಕಾಯುತ್ತಾ ನಿಂತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಗ ಕೋಣೆಯ ಒಳಗಿನಿಂದ ಭಾವನ ದನಿ ಕೇಳಿಸಿತು. "ಸಯಾಕನ್, ನಾನು ಎಲ್ಲಿಂದ ಬರಲಿ?"

ಚಪ್ಪಾಳೆ ನಿಂತಿತು.

ಭಾವ ಕಿಟಕಿಯಲ್ಲಿ ತಲೆ ತೂರಿಸಿದರು. ಭುಜ ತೂರಿತು. ಹೊಟ್ಟೆ ತೂರಲಿಲ್ಲ. ಅಕ್ಕ ಕಿಟಕಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ರೀ, ಮದುವೆಗೆ ಮುಂಚೆ ಆಗಿದ್ದರೆ ತೂರ್ತಿದ್ದಿರಿ."

"ಮೊದಲು ಏಣಿ ತಾರೇ, ಆಮೇಲೆ ಹಂಗಿಸು!"

ಗೋಡೆಯ ಮೇಲಿಂದ ಏಣಿ ಇಳಿಸಿ ಭಾವನನ್ನು ಎಳೆದು ತೆಗೆದೆವು. ಬಾವಿಗೆ ಬಿದ್ದ ಟಗರನ್ನು ಎತ್ತುವಾಗಲೂ ಊರಿನಲ್ಲಿ ಇಷ್ಟು ಸಲಹೆ ಕೇಳಿಬಂದಿರಲಿಲ್ಲ. ಇಷ್ಟರ ನಡುವೆ ಬಡಗಿ ಬಾಗಿಲ ಚೌಕಟ್ಟು ಹೊತ್ತು ಬಂದ. ಗೋಡೆಯನ್ನು ಒಂದು ಸುತ್ತು ಹಾಕಿದ. ಇನ್ನೊಂದು ಸುತ್ತು ಹಾಕಿದ. "ಬಾಗಿಲು ಬೇಕು ಅಂದದ್ದು ಯಾವ ಮನೆಯವರು?" ಎಂದು ಕೇಳಿದ, ಪಾಪ.

"ನಡುವೆ ಒಡೆದರಾಯಿತು," ಎಂದರು ಭಾವ, ಪೈಜಾಮದ ಮಣ್ಣು ಕೊಡವುತ್ತಾ.

"ಒಡಿ," ಎಂದರು ಆಸಾನ್‌ಕುಲ್ ಅಜ್ಜ. "ಆದರೆ ಅವರ ಕಡೆಯದನ್ನ ಒಡಿ."

"ನಮ್ಮ ಕಡೆಯ ಒಂದು ಇಟ್ಟಿಗೆ ಮುಟ್ಟಿದರೆ ನಾಳೆಯಿಂದ ನಿನ್ನ ಮನೆ ಚಹಾ ಕುಡಿಯಲ್ಲ ಎರ್ಮೆಕ್," ಎಂದರು ದೂಯ್ಶೆನ್ ಅಜ್ಜ.

ಭಾವ ಒಮ್ಮೆ ಎಡಕ್ಕೆ ನೋಡಿದರು, ಒಮ್ಮೆ ಬಲಕ್ಕೆ ನೋಡಿದರು, ಕೊನೆಗೆ ಅಪಾ ಅವರ ಕಡೆ ನೋಡಿದರು. ಅಪಾ ಕೋಲೂರಿಕೊಂಡು ಬಂದು ಗೋಡೆ ಸವರಿ, ತೀರ್ಪು ಕೊಟ್ಟರು.

"ನೆರೆಯವರು ಬೆವರು ಸುರಿಸಿ ಕಟ್ಟಿದ್ದು. ಸಂಜೆಗೇ ಕೆಡವಿದರೆ ಅವರ ಬೆವರು ಚೆಲ್ಲಿದ ಹಾಗೆ. ಉಬಾಲ್!"

ಮಧ್ಯಾಹ್ನದವರೆಗೂ ಈ ಮಾತು ನನ್ನ ಕಡೆಗಿತ್ತು!

"ಹಾಗಾದರೆ ನಾನು?" ಎಂದೆ. ಗಟ್ಟಿಯಾಗಿ! ಅಷ್ಟು ಜನರ ಎದುರಿಗೆ! ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇದೇ ದನಿಯನ್ನು ಒಂದು ಗಂಟೆ ಮುಂಚೆ ತೆಗೆದಿದ್ದರೆ ಬಾಗಿಲು ಉಳಿಯುತ್ತಿತ್ತು. ಜೆಲ್ಲಿಗೆ ಬೆಸ್ಟ್ ಬಿಫೋರ್ ಬರೆದಿರುತ್ತಾರೆ, ಮಾತಿಗೆ ಬರೆದಿರುವುದಿಲ್ಲ.

"ಮೂರು ಗೋಡೆ ತಾನೇ ಹೊಸದು? ನಾಲ್ಕನೆಯದು ನಮ್ಮದೇ ಅಲ್ವಾ? ಅದನ್ನ ಕೊರೆದರೆ ಯಾರ ಬೆವರೂ ಚೆಲ್ಲಲ್ಲ," ಎಂದರು ಅಪಾ.

ಎಲ್ಲರೂ ತಲೆದೂಗಿದರು. ಎಂಥ ನ್ಯಾಯ! ಎಂಥ ವಿವೇಕ! ಅಜ್ಜಂದಿರಿಬ್ಬರೂ ಇಂದು ಮೊದಲ ಸಲ ಒಂದೇ ಮಾತಿಗೆ ಒಪ್ಪಿದರು. ಆ ನಾಲ್ಕನೆಯ ಗೋಡೆಯ ಆಚೆ ಏನಿದೆ ಎಂದು ಯೋಚಿಸಿದವಳು ನಾನೊಬ್ಬಳೇ. ಅಲ್ಲಿರುವುದು ಬಾತ್ಮಾ ಅಪಾ ಅವರ ಮಲಗುವ ಕೋಣೆ.

ಅಪಾ ನನ್ನ ಬೆನ್ನು ಸವರಿದರು. "ಒಳ್ಳೇದೇ ಆಯ್ತು ಕೂಸೇ. ನಸುಕಿಗೆ ಚಹಾ ಬೇಕು ಅಂದರೆ ಅಡುಗೆಮನೆ ತನಕ ಕೂಗಬೇಕಿತ್ತು. ಇನ್ನು ಕೋಲು ಚಾಚಿ ತಟ್ಟಿದರಾಯ್ತು. ಆಮೇಲೆ ಇನ್ನೊಂದು. ಆ ಬಾಗಿಲಿಗೆ ಒಳಚಿಲಕ ಇಡಿಸಬೇಡ ಎರ್ಮೆಕ್. ಇವಳು ಮೆಲ್ಲಗೆ ಮಾತಾಡೋ ಹುಡುಗಿ, ಒಳಗೆ ಸಿಕ್ಕಿಕೊಂಡರೆ ನಮಗೆ ಕೇಳಿಸೋದೇ ಇಲ್ಲ."

ನಾಳೆ ಬೆಳಿಗ್ಗೆ ಗೋಡೆ ಕೊರೆಯುತ್ತಾರೆ. ಅದಕ್ಕೆ ಮುಂಚೆ ಅಪಾ ಅವರ ಮಂಚವನ್ನು ಗೋಡೆಯಿಂದ ಸರಿಸಿ, ಧೂಳು ಬೀಳದ ಹಾಗೆ ಬಟ್ಟೆ ಹೊದಿಸುತ್ತೇನೆ.