ರೀಲು ಬಿಡುವವರ ವಿರುದ್ಧ ನಾನು ಸಾರಿದ ಸಮರ

ಹಳೆಯ ಕ್ಯಾಸೆಟ್ಟುಗಳನ್ನು ನೆನೆದು ಕಣ್ಣೀರು ಸುರಿಸುವವರಿಗೆಲ್ಲ ಒಂದೇ ಭಾನುವಾರದಲ್ಲಿ ಬುದ್ಧಿ ಕಲಿಸುತ್ತೇನೆಂದು ನಾನು ಪಣ ತೊಟ್ಟೆ. ಅದಕ್ಕೆ ನನಗಿಂತ ಅರ್ಹರು ಇನ್ಯಾರಿದ್ದಾರೆ? ಇಪ್ಪತ್ತೆರಡು ವರ್ಷ ಟೇಪ್ ರೆಕಾರ್ಡರ್ ರಿಪೇರಿ ಮಾಡಿದವನು ನಾನು! ಆ ಡಬ್ಬಗಳ ಹೊಟ್ಟೆಯಿಂದ ನಾನು ಎಳೆದು ತೆಗೆದ ರೀಲನ್ನು ಉದ್ದಕ್ಕೆ ಹಾಸಿದ್ದರೆ ಅದು ಚಂದ್ರನನ್ನು ಮುಟ್ಟಿ, ಅಲ್ಲೊಂದು ಗಂಟು ಬಿದ್ದು, ವಾಪಸು ಬರುತ್ತಿತ್ತು.

ನನ್ನ ಕೋಪಕ್ಕೆ ಕಾರಣವಿದೆ. ಸಿ.ಡಿ. ಬಂದಾಗ ಜನ ಅತ್ತ ಓಡಿದರು. ಫೋನು ಬಂದಾಗ ಇತ್ತ ಓಡಿದರು. ರಿಪೇರಿಗೆ ಕೊಟ್ಟಿದ್ದನ್ನು ಒಯ್ಯಲೂ ಯಾರೂ ಬರಲಿಲ್ಲ! ಹದಿನಾಲ್ಕು ಟೇಪ್ ರೆಕಾರ್ಡರುಗಳು ಅಂಗಡಿಯ ಹಲಗೆಯ ಮೇಲೆ ಅನಾಥವಾಗಿ ಕುಳಿತಿದ್ದವು. ಕೊನೆಗೊಂದು ದಿನ ಬೋರ್ಡು ಇಳಿಸಿ, ಅದರ ಹಿಂಬದಿಗೆ ‘ಮಿಕ್ಸಿ, ಫ್ಯಾನ್, ಇಸ್ತ್ರಿಪೆಟ್ಟಿಗೆ’ ಎಂದು ಬರೆಸಿ, ತಿರುಗಿಸಿ ಏರಿಸಿದೆ. ಆ ದಿನ ಒಬ್ಬನಾದರೂ ರಸಿಕ ಬಂದು ‘ಅಯ್ಯೋ ಪಾಪ’ ಎಂದನೇ? ಇಲ್ಲ! ಒಬ್ಬ ಬಂದ. ಮಿಕ್ಸಿ ಬ್ಲೇಡು ಹರಿತ ಮಾಡಿಕೊಡುತ್ತೀರಾ ಎಂದು ಕೇಳಿದ.

ಈಗ ಅದೇ ಜನಕ್ಕೆ ಕ್ಯಾಸೆಟ್ಟಿನ ಮೇಲೆ ಪ್ರೀತಿ ಉಕ್ಕಿದೆ. ಮೊದಲು ಉಕ್ಕಿದ್ದು ನನ್ನ ಬಾಮೈದನಿಗೆ. ಇನ್ಶೂರೆನ್ಸ್ ಕಚೇರಿಯಲ್ಲಿ ಕೆಲಸ ಮಾಡುವ ಈ ಮಹಾಶಯ ಒಂದು ಸಂಜೆ ಹಳೆಯ ಟೇಪ್ ರೆಕಾರ್ಡರೊಂದನ್ನು ಹಸುಗೂಸಿನಂತೆ ಎದೆಗೊತ್ತಿಕೊಂಡು ಬಂದ.

“ಭಾವ, ಫೋನಲ್ಲಿ ಎಲ್ಲಾ ಹಾಡೂ ಸಿಗುತ್ತೆ. ಆದ್ರೆ ಜೀವ ಇರಲ್ಲ. ಕ್ಯಾಸೆಟ್ಟಲ್ಲಿ ಜೀವ ಇರುತ್ತೆ.”

“ಇರುತ್ತಪ್ಪಾ, ನೆಗಡಿ ಆಗಿರೋ ಜೀವ! ಹಾಡು ಮುಗಿಯೋ ತನಕ ‘ಸ್ಸ್‌ಸ್’ ಅಂತ ಮೂಗು ಎಳೀತಾನೇ ಇರುತ್ತೆ.”

ನನ್ನ ಹೆಂಡತಿ ತಮ್ಮನ ಪರ ವಹಿಸಿದಳು. “ಅವನು ಆಸೆಪಟ್ಟು ತಂದಿದ್ದಾನೆ. ನಿಮಗೆ ಮೊದಲಿಂದಲೂ ರಸಿಕತೆ ಅನ್ನೋದೇ ಇಲ್ಲ, ಬಿಡಿ.”

“ನನಗಾ? ಇಪ್ಪತ್ತೆರಡು ವರ್ಷ ರೀಲು ಬಿಡಿಸಿದವನು ನಾನು! ಈಗ ನನ್ನ ಎದುರಿಗೇ ನಿನ್ನ ತಮ್ಮ ರೀಲು ಬಿಡ್ತಿದ್ದಾನೆ!”

ಬಾಮೈದ ಜಗ್ಗಲಿಲ್ಲ. ಭಾನುವಾರ ಆಫೀಸಿನ ಗೆಳೆಯರನ್ನು ಕರೆತರುತ್ತಾನಂತೆ, ನಮ್ಮ ಮನೆಯಲ್ಲೇ ಕುಳಿತು ಕೇಳುತ್ತಾರಂತೆ. ಅಷ್ಟರಲ್ಲಿ ಭಾವ ಅದರ ಹೆಡ್ಡು ಒರೆಸಿ, ಬೆಲ್ಟು ಬದಲಿಸಿ ಕೊಡಬೇಕಂತೆ. ನನ್ನ ಮೈಯೆಲ್ಲ ಉರಿದುಹೋಯಿತು. ಆದರೂ “ಆಗಲಿ” ಎಂದೆ. ತಲೆಯಲ್ಲಿ ಸಂಚು ಹೊಳೆದಿತ್ತು!

ಟೇಪ್ ರೆಕಾರ್ಡರಿನ ಮೋಟಾರಿಗೆ ಒಂದು ಪುಟ್ಟ ತೂತು ಇರುತ್ತದೆ. ಅದರೊಳಗೊಂದು ತಿರುಪು. ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಹಾಡು ಓಡುತ್ತದೆ ಅಥವಾ ತೆವಳುತ್ತದೆ. ನಾನು ತೆವಳುವ ಕಡೆಗೆ ತಿರುಗಿಸಿದೆ. ಮರ್ಯಾದಸ್ಥರಿಗೆ ಸಾಕಾಗುವಷ್ಟು ತಿರುಗಿಸಿ, ಸಿಟ್ಟಿಗೆಂದು ಇನ್ನಷ್ಟು ತಿರುಗಿಸಿದೆ.

ಭಾನುವಾರ ಬಂತು. ಬಾಮೈದನ ಹಿಂದೆ ನಾಲ್ವರು ರಸಿಕರು ಬಂದರು. ಕ್ಯಾಸೆಟ್ಟು ಒಳಗೆ ಹೋಯಿತು, ಗುಂಡಿ ‘ಟಕ್’ ಎಂದಿತು. ಗಾಯಕಿಯ ಕಂಠ ಹೊರಬಂತು, ಗಂಟಲು ಕಟ್ಟಿದ ದೊಡ್ಡಪ್ಪನ ಕಂಠದಲ್ಲಿ! ಜೊತೆಗೆ ಹಾಡುವ ಗಂಡುದನಿಯಂತೂ ಲೋಡು ತುಂಬಿದ ಲಾರಿ ಏರು ಹತ್ತುತ್ತಿರುವಂತಿತ್ತು. ಈಗ ಎಲ್ಲರೂ ಕಿವಿ ಮುಚ್ಚಿಕೊಂಡು ಏಳುತ್ತಾರೆಂದು ನಾನು ಬಾಗಿಲ ಬಳಿ ಕೈಕಟ್ಟಿ ನಿಂತೆ.

ಒಬ್ಬನೂ ಏಳಲಿಲ್ಲ. ಐವರೂ ಕಣ್ಣು ಮುಚ್ಚಿದರು!

“ಆಹಾ! ಏನು ಆಳ!” ಎಂದ ಒಬ್ಬ.

“ಒಂದೊಂದು ಅಕ್ಷರಕ್ಕೂ ಉಸಿರಾಡೋಕೆ ಜಾಗ ಇದೆ ನೋಡಿ,” ಎಂದ ಇನ್ನೊಬ್ಬ.

ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಆಗ ಜನಕ್ಕೆ ಎಷ್ಟು ಪುರುಸೊತ್ತಿತ್ತು, ಅಲ್ವಾ?”

ನನ್ನ ಪಿತ್ತ ನೆತ್ತಿಗೇರಿತು. “ಪುರುಸೊತ್ತಲ್ಲ ಕಣೇ, ತಿರುಪು! ತಿರುಪು! ನಾನೇ ತಿರುಗಿಸಿ ಇಟ್ಟಿದ್ದೆ! ಅದು ಹೆಂಗಸಿನ ದನಿ! ಇಷ್ಟೂ ಗೊತ್ತಾಗಲ್ವಾ ನಿಮಗೆ?” ಎಂದು ಕಿರುಚಿ, ಅವರೆದುರೇ ಡಬ್ಬ ಬಿಚ್ಚಿ ಕೂತೆ. ಹೆಡ್ಡಿನ ಕೋನ ನೋಡಿದೆ, ಬೆಲ್ಟು ಎಳೆದು ನೋಡಿದೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದಂತೆ ಸ್ಪೀಡು ಕೂಡಿಸಿದೆ. ಮತ್ತೆ ಹಾಕಿದೆ. ಗಾಯಕಿ ಗಾಯಕಿಯಾದಳು, ತಬಲಾ ತಬಲಾ ಆಯಿತು. ನಿಜ ಹೇಳುತ್ತೇನೆ, ನನಗೇ ರೋಮಾಂಚನವಾಯಿತು.

ಬಾಮೈದ ಮುಖ ಹುಳ್ಳಗೆ ಮಾಡಿಕೊಂಡ.

“ಮೊದಲಿನದೇ ಚೆನ್ನಾಗಿತ್ತು, ಭಾವ. ಇದು ಥೇಟು ಫೋನಲ್ಲಿ ಕೇಳಿದ ಹಾಗೇ ಇದೆ.”

ಇಪ್ಪತ್ತೆರಡು ವರ್ಷ ನಾನು ಕಣ್ಣು ಕಿರಿದು ಮಾಡಿಕೊಂಡು ಕಲಿತ ವಿದ್ಯೆಗೆ ಇದು ಬಹುಮಾನ! ಸ್ಕ್ರೂಡ್ರೈವರನ್ನು ನೆಲಕ್ಕೆ ಬಡಿದು ಎದ್ದು ಹೋದೆ. ಅದು ಪುಟಿದು ನನ್ನ ಕಾಲಿನ ಹೆಬ್ಬೆರಳಿಗೇ ಬಿತ್ತು. ಕುಂಟುತ್ತ ಹೋದೆ ಎಂದು ತಿದ್ದಿಕೊಳ್ಳಿ.

ಅಷ್ಟಕ್ಕೇ ಮುಗಿಯಿತೇ? ಬುಧವಾರದ ಹೊತ್ತಿಗೆ ನನ್ನ ಅಂಗಡಿಯ ಮುಂದೆ ಆರು ಜನ, ಆರು ಟೇಪ್ ರೆಕಾರ್ಡರು! “ನೀವು ಅದೇನೋ ‘ಆಳ’ ಹಾಕಿಕೊಡ್ತೀರಂತೆ?” ಬಾಮೈದ ಆಫೀಸಿಗೆಲ್ಲ ಡಂಗುರ ಸಾರಿದ್ದ. ಮಿಕ್ಸಿ ಹಿಡಿದು ಬಂದವರು ಜಾಗವಿಲ್ಲದೆ ವಾಪಸು ಹೋದರು. ಒಬ್ಬನಿಗೆ ಕೂಗಿ ಹೇಳಿದೆ, ಇನ್ನೊಬ್ಬನಿಗೆ ಮೇಜು ಗುದ್ದಿ ಹೇಳಿದೆ, ಮೂರನೆಯವನ ಡಬ್ಬ ಕಿತ್ತು ಬೀದಿಗಿಟ್ಟೆ. ಆರೂ ಜನರನ್ನು ಅಟ್ಟುವಷ್ಟರಲ್ಲಿ ಗಂಟಲು ಹರಿದಿತ್ತು. ಊಟದ ಡಬ್ಬಿ ತಂದಿದ್ದ ಹೆಂಡತಿ ಮೂಲೆಯ ಸ್ಟೂಲಿನ ಮೇಲೆ ಕೂತು ನನ್ನ ಉಗ್ರಾವತಾರ ನೋಡುತ್ತಿದ್ದಳು.

ಆಗ ಏಳನೆಯವರು ಬಂದರು. ವಯಸ್ಸಾದ ಹೆಂಗಸು, ಬೆನ್ನು ಮಾತ್ರ ಕಂಬದಷ್ಟು ನೆಟ್ಟಗೆ. ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಹೇಳಿಕೊಟ್ಟು ನಿವೃತ್ತರಾದ ಟೀಚರಂತೆ.

“ಈ ಟೇಪಿನ ಗುಂಡಿ ಒತ್ತಿದ್ರೆ ಒಳಗೆ ನಿಲ್ತಾ ಇಲ್ಲಪ್ಪಾ, ಮೇಲೆ ಬಂದ್ಬಿಡುತ್ತೆ. ಹಳೇ ಮಕ್ಕಳೆಲ್ಲ ಒಂದು ಕಡೆ ಸೇರ್ತಿದ್ದಾರೆ, ಡ್ರಿಲ್ ಮಾಡಿಸಿ ಅಂತ ಹಟ. ಫೋನಲ್ಲಿ ಅದೇ ಬ್ಯಾಂಡು ಹಾಕಿ ನೋಡಿದ್ವಿ. ಒಬ್ಬರ ಕಾಲಿಗೆ ಒಬ್ಬರು ಸಿಕ್ಕಿ ಬಿದ್ದರು. ಈ ಟೇಪೇ ಆಗಬೇಕು.”

ಇವರು ‘ಆಳ’ ಕೇಳಲಿಲ್ಲವಲ್ಲ ಎಂದು ನನಗೆ ಗೌರವ ಬಂತು. ಗುಂಡಿಯ ಸ್ಪ್ರಿಂಗು ಬದಲಿಸಿ ಹಾಕಿದೆ. ಬ್ಯಾಂಡು ಶುರುವಾಯಿತು. ಢಂ... ಢಂ... ಢಂ... ಸೈನ್ಯವೊಂದು ಮಂಡಿನೋವು ಬಂದು ಮನೆಗೆ ಮರಳುತ್ತಿರುವಂತಿತ್ತು!

ಉಳಿದಿದ್ದ ಸಿಟ್ಟೆಲ್ಲ ಒಟ್ಟಿಗೇ ಹೊರಬಂತು. “ಟೀಚರ್, ಇದಕ್ಕೆ ಯಾವ ಕತ್ತೆ ಕೈ ಹಾಕಿದ್ದು? ಸ್ಪೀಡು ಪೂರ್ತಿ ಹಾಳು ಮಾಡಿಟ್ಟಿದ್ದಾನೆ! ಇಂಥವರಿಂದಲೇ ನಮ್ಮ ಕಸುಬಿಗೆ ಕೆಟ್ಟ ಹೆಸರು!”

“ಒಳಗೆ ಚೀಟಿ ಇರಬೇಕು ನೋಡಿ,” ಎಂದರು ಟೀಚರ್.

ನನ್ನ ಹೆಂಡತಿ ಎದ್ದು ಬಂದು ಬ್ಯಾಟರಿಯ ಮುಚ್ಚಳ ತೆಗೆದಳು. ಹಳದಿಗಟ್ಟಿದ ಚೀಟಿ. ಅಂಗಡಿಗೆಲ್ಲ ಕೇಳಿಸುವಂತೆ ಓದಿದಳು: “‘ಸ್ಪೀಡ್ ಸರಿ ಮಾಡಲಾಗಿದೆ. ಪೂರ್ಣ ಗ್ಯಾರಂಟಿ.’ ಕೆಳಗೆ ನಿಮ್ಮದೇ ಸಹಿ, ರೀ.”

ಅಂಗಡಿಯಲ್ಲಿ ಬ್ಯಾಂಡೊಂದೇ ಢಂ... ಢಂ... ಎನ್ನುತ್ತಿತ್ತು.

ಟೀಚರ್ ಸ್ವಲ್ಪ ಹೊತ್ತು ಅದನ್ನು ಆಲಿಸಿದರು. ಮೆಲ್ಲಗೆ ಅವರ ಹುಬ್ಬು ಮೇಲೇರಿತು. “ಓಹೋ! ನೀವು ಸರಿ ಮಾಡಿಕೊಟ್ಟ ಮೇಲೆ ಹದಿನಾರು ವರ್ಷ ಇದರಲ್ಲೇ ಡ್ರಿಲ್ ಮಾಡಿಸಿದ್ದೆ! ಸ್ಪರ್ಧೆಯಲ್ಲಿ ಬೇರೆ ಶಾಲೆಯವರು ಡ್ರಿಲ್ ಮುಗಿಸಿ ನೀರು ಕುಡೀತಿದ್ದಾಗಲೂ ನಮ್ಮ ಮಕ್ಕಳು ಇನ್ನೂ ಅರ್ಧದಲ್ಲೇ ಇರ್ತಿದ್ರು. ಸೋಮಾರಿಗಳು ಅಂತ ಮೈದಾನ ಸುತ್ತಿಸ್ತಿದ್ದೆನಲ್ಲಪ್ಪಾ ಅವರನ್ನ!”

“ಕೊಡಿ ಟೀಚರ್, ಎರಡೇ ನಿಮಿಷ. ಈಗಲೇ ಸರಿ ಮಾಡಿಬಿಡ್ತೀನಿ,” ಎಂದು ನಾನು ಸ್ಕ್ರೂಡ್ರೈವರಿಗೆ ತಡಕಾಡಿದೆ.

ಟೀಚರ್ ಟೇಪ್ ರೆಕಾರ್ಡರನ್ನು ಎತ್ತಿ ಕಂಕುಳಲ್ಲಿ ಭದ್ರವಾಗಿ ಇಟ್ಟುಕೊಂಡರು.

“ಬೇಡಪ್ಪಾ. ಅವರಿಗೆಲ್ಲ ಈಗ ಐವತ್ತರ ಹತ್ತಿರ. ಇದೇ ಸ್ಪೀಡು ಸರಿಹೋಗುತ್ತೆ. ನೀವು ಆವತ್ತು ಒಂದು ಸಲ ಸರಿ ಮಾಡಿದ್ದೀರಲ್ಲ, ಅಷ್ಟು ಸಾಕು!”